7,35,13,440: ಒಂದು ದೊಡ್ಡ ಸಂಖ್ಯೆಯನ್ನು ಕೈಯಲ್ಲೇ ಬಿಡಿಸಿ ನೋಡುವುದು ಹೇಗೆ?

ಒಂದು ಪೆನ್ಸಿಲ್, ಎರಡು ಹಾಳೆ, ಮುಕ್ಕಾಲು ಗಂಟೆ ಬಿಡುವು. ಇಷ್ಟಿದ್ದರೆ ಸಾಕು. ಕ್ಯಾಲ್ಕುಲೇಟರ್ ಪಕ್ಕಕ್ಕಿಡಿ. ಕೊನೆಗೆ ತಾಳೆ ನೋಡಲು ಬೇಕಾದರೆ ತೆಗೆದರಾಯಿತು.

ಹಾಳೆಯ ಮೇಲ್ಗಡೆ ದೊಡ್ಡದಾಗಿ ಬರೆಯಿರಿ: 7,35,13,440. ಏಳು ಕೋಟಿ ಮೂವತ್ತೈದು ಲಕ್ಷದ ಹದಿಮೂರು ಸಾವಿರದ ನಾನೂರ ನಲವತ್ತು. ನೋಡೋಕೆ ಯಾವುದೋ ಫೋನ್ ನಂಬರಿನ ಹಾಗಿದೆ. ಹತ್ತು ಸಲ ನೋಡಿದರೂ ವಿಶೇಷ ಏನೂ ಕಾಣುವುದಿಲ್ಲ. ಆದರೆ ಹತ್ತು ಕೋಟಿಗಿಂತ ಚಿಕ್ಕದಾದ ಎಲ್ಲ ಸಂಖ್ಯೆಗಳ ಪೈಕಿ ಇದಕ್ಕಿಂತ ಹೆಚ್ಚು ಭಾಜಕಗಳು ಬೇರೆ ಯಾವುದಕ್ಕೂ ಇಲ್ಲ. ಅದನ್ನು ನೀವೇ ಎಣಿಸಬಹುದು. ಅದಕ್ಕಿಂತ ಚೆಂದದ ಒಂದೆರಡು ಸಂಗತಿಗಳೂ ಇದರೊಳಗೆ ಇವೆ. ದಾರಿ ಒಂದೇ: ಮೊದಲು ಒಡೆಯಬೇಕು, ಆಮೇಲೆ ಪ್ರಶ್ನೆ ಕೇಳಬೇಕು. ಅವಿಭಾಜ್ಯ ಸಂಖ್ಯೆಗಳಾಗಿ ಒಡೆದು ಇಟ್ಟುಕೊಂಡರೆ ಮಿಕ್ಕ ಉತ್ತರಗಳೆಲ್ಲ ಆ ಒಂದೇ ಸಾಲಿನಿಂದ ಬರುತ್ತವೆ.

ಹಂತ 1: ಮೂರು ಮೂರಾಗಿ ಕತ್ತರಿಸಿ

ಸಾವಿರ, ಲಕ್ಷ, ಕೋಟಿ ಅಂತ ಅಲ್ಪವಿರಾಮ ಹಾಕುವ ಅಭ್ಯಾಸವನ್ನು ಸ್ವಲ್ಪ ಹೊತ್ತು ಬಿಡಿ. ಬಲಗಡೆಯಿಂದ ಮೂರು ಮೂರು ಅಂಕಿ ಕತ್ತರಿಸಿ:

73 | 513 | 440

ಬಲಗಡೆಯ ತುಂಡನ್ನು ತೆಗೆದುಕೊಳ್ಳಿ. ಅದರಿಂದ ಪಕ್ಕದ್ದನ್ನು ಕಳೆಯಿರಿ. ಅದರಾಚೆಯದನ್ನು ಕೂಡಿ.

440 − 513 + 73 = 0

ಸೊನ್ನೆ ಬಂತು. ಈ ಒಂದು ಸೊನ್ನೆ ಮೂರು ವಿಷಯ ಹೇಳುತ್ತಿದೆ: ನಮ್ಮ ಸಂಖ್ಯೆ 7ರಿಂದ ಭಾಗವಾಗುತ್ತದೆ, 11ರಿಂದ ಆಗುತ್ತದೆ, 13ರಿಂದಲೂ ಆಗುತ್ತದೆ.

ಯಾಕೆ? 7 × 11 × 13 = 1001. ಸಾವಿರ ಅನ್ನುವುದು 1001ಕ್ಕಿಂತ ಒಂದೇ ಒಂದು ಕಡಿಮೆ. ಹಾಗಾಗಿ 1001ರಿಂದ ಭಾಗಿಸುವ ಲೆಕ್ಕದಲ್ಲಿ ಸಾವಿರದ ಜಾಗದಲ್ಲಿ −1 ಇಟ್ಟರೂ ಶೇಷ ಬದಲಾಗುವುದಿಲ್ಲ. ಹತ್ತು ಲಕ್ಷ ಅಂದರೆ ಸಾವಿರ ಸಾವಿರಲೆ. ಅದು −1 × −1, ಅಂದರೆ +1. ಕೂಡು, ಕಳೆ, ಕೂಡು ಅಂತ ಚಿಹ್ನೆ ಬದಲಾಗುತ್ತಾ ಹೋಗುವುದು ಇದರಿಂದಲೇ. ಬೇರೆ ಸಂಖ್ಯೆ ಹಿಡಿದಾಗ ಸೊನ್ನೆಯೇ ಬರಬೇಕು ಅಂತಿಲ್ಲ. ಉದಾಹರಣೆಗೆ 91 ಬಂತು ಅನ್ನಿ. 91 = 7 × 13. ಆಗ ಆ ಸಂಖ್ಯೆಯಲ್ಲಿ 7 ಮತ್ತು 13 ಇವೆ, 11 ಇಲ್ಲ ಅಂತ ಅರ್ಥ.

ಈಗ 1001ರಿಂದ ಭಾಗಿಸಬೇಕು. ಉದ್ದದ ಭಾಗಾಕಾರ ಬೇಡ. ಮೂರು ತುಂಡುಗಳನ್ನು ಇನ್ನೊಮ್ಮೆ ನೋಡಿ. ಮಧ್ಯದ 513 ಏನು? 73 + 440. ಅಂದರೆ 73,440 ಅನ್ನುವ ಸಂಖ್ಯೆಯನ್ನು ಮೂರು ಮನೆ ಸರಿಸಿ ಅದಕ್ಕೇ ಕೂಡಿದ್ದಾರೆ:

7,34,40,000 + 73,440 = 7,35,13,440

ಉತ್ತರ ಸಂಖ್ಯೆಯ ಎರಡು ತುದಿಯಲ್ಲೇ ಬರೆದಿತ್ತು: 73 ಮತ್ತು 440. ನಮ್ಮ ಸಂಖ್ಯೆ = 1001 × 73,440. ಇದನ್ನು ಮೊದಲ ಸಲ ಗಮನಿಸಿದಾಗ ನನಗೆ ಆದ ಖುಷಿ ಇನ್ನೂ ನೆನಪಿದೆ. ಎಂಟು ಅಂಕಿಯ ಸಂಖ್ಯೆ ಒಂದೇ ಏಟಿಗೆ ಐದು ಅಂಕಿಗೆ ಇಳಿದಿತ್ತು.

ಹಂತ 2: ಉಳಿದದ್ದನ್ನು ಪೂರ್ತಿ ಒಡೆಯಿರಿ

73,440ರ ಕೊನೆಯ ಸೊನ್ನೆ ತೆಗೆಯಿರಿ. 10 ಹೋಯಿತು, ಅಂದರೆ ಒಂದು 2, ಒಂದು 5. ಉಳಿದದ್ದು 7344. ಇನ್ನು ಅರ್ಧ ಮಾಡುತ್ತಾ ಹೋಗಿ:

7344 → 3672 → 1836 → 918 → 459

ನಾಲ್ಕು ಸಲ ಅರ್ಧವಾಯಿತು. 459 ಬೆಸ ಸಂಖ್ಯೆ, ನಿಲ್ಲಿಸಿ. ಈಗ 3ರ ಸರದಿ. 4 + 5 + 9 = 18, ಮೂರರ ಮಗ್ಗಿಯಲ್ಲಿದೆ. ಆದ್ದರಿಂದ:

459 → 153 → 51 → 17

17 ಅವಿಭಾಜ್ಯ. ಇನ್ನು ಒಡೆಯುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಬರೆದು ಸುತ್ತ ಒಂದು ಚೌಕ ಹಾಕಿಕೊಳ್ಳಿ. ಮುಂದೆ ಪ್ರತಿ ಹಂತದಲ್ಲೂ ಇದನ್ನೇ ನೋಡಬೇಕು:

7,35,13,440 = 2⁵ × 3³ × 5 × 7 × 11 × 13 × 17

ನೀವು ಬೇರೆ ದಾರಿಯಲ್ಲಿ ಹೋಗಿದ್ದರೂ, ಮೊದಲು 5 ತೆಗೆದಿದ್ದರೂ, 17ರಿಂದಲೇ ಶುರು ಮಾಡಿದ್ದರೂ ಕೊನೆಗೆ ಇದೇ ಸಾಲು ಬರುತ್ತದೆ. ಒಂದು ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆಯಲು ಇರುವುದು ಒಂದೇ ರೀತಿ. ಇದಕ್ಕೆ ಪೂರ್ತಿ, ಬಿಗಿಯಾದ ಸಾಧನೆಯನ್ನು ಜರ್ಮನಿಯ ಗೌಸ್ 1801ರಲ್ಲಿ ಕೊಟ್ಟರು.

ಇಲ್ಲಿ ತುಂಬಾ ಜನ ಎಡವುವ ಒಂದು ಜಾಗ ಹೇಳಬೇಕು. 7,35,13,440ರ ಅಂಕಿಗಳನ್ನು ಕೂಡಿದರೆ 27 ಬರುತ್ತದೆ. ಅಂಕಿಗಳ ಮೊತ್ತ 3ರಿಂದ ಭಾಗವಾದರೆ ಸಂಖ್ಯೆಯೂ ಆಗುತ್ತದೆ, 9ರಿಂದಾದರೆ ಸಂಖ್ಯೆಯೂ ಆಗುತ್ತದೆ, ಹಾಗಾದರೆ 27ಕ್ಕೂ ಅದೇ ನಿಯಮ ಅಲ್ವಾ? ಅಲ್ಲ. 1899 ತೆಗೆದುಕೊಳ್ಳಿ. ಮೊತ್ತ 27, ಆದರೆ 27ರಿಂದ ಭಾಗಿಸಿದರೆ 9 ಉಳಿಯುತ್ತದೆ. 27ಕ್ಕೆ ಸರಿಯಾದ ಪರೀಕ್ಷೆ ಬೇರೆ ಇದೆ. 27 × 37 = 999, ಸಾವಿರಕ್ಕೆ ಒಂದು ಕಡಿಮೆ. ಹಾಗಾಗಿ ಅದೇ ಮೂರು ತುಂಡುಗಳನ್ನು ಈ ಸಲ ಬರೀ ಕೂಡಿ: 73 + 513 + 440 = 1026. ಮತ್ತೆ ಕತ್ತರಿಸಿ ಕೂಡಿ: 1 + 26 = 27. ಈಗ 27 ಇದೆ ಅಂತ ಧೈರ್ಯವಾಗಿ ಹೇಳಬಹುದು.

ಚೌಕದೊಳಗಿನ ಸಾಲನ್ನು ಇನ್ನೊಂದು ಥರ ಜೋಡಿಸಿ ನೋಡಿ. ಪ್ರತಿ ಅವಿಭಾಜ್ಯವನ್ನೂ ಒಂದೊಂದೇ ಸಲ ತೆಗೆದುಕೊಂಡರೆ 2 × 3 × 5 × 7 × 11 × 13 × 17 = 5,10,510. ಉಳಿಯುವುದು 2⁴ × 3² = 144, ಅಂದರೆ 12ರ ವರ್ಗ. ನಮ್ಮ ಸಂಖ್ಯೆ 144 × 5,10,510. ಮೊದಲ ಏಳು ಅವಿಭಾಜ್ಯಗಳ ಗುಣಲಬ್ಧವನ್ನು 12ರ ವರ್ಗದಿಂದ ಗುಣಿಸಿದ್ದು, ಅಷ್ಟೇ.

ಹಂತ 3: ಭಾಜಕಗಳನ್ನು ಎಣಿಸಿ

ಭಾಜಕಗಳನ್ನು ಒಂದೊಂದಾಗಿ ಪಟ್ಟಿ ಮಾಡಲು ಹೋಗಬೇಡಿ. ಸಂಜೆಯಾಗುತ್ತದೆ.

ಮೊದಲು ಚಿಕ್ಕದೊಂದು ನೋಡೋಣ: 12 = 2² × 3. ಇದರ ಯಾವುದೇ ಭಾಜಕ ಕಟ್ಟಬೇಕಾದರೆ ಎರಡು ಪ್ರಶ್ನೆಗೆ ಉತ್ತರ ಕೊಡಬೇಕು. ಎಷ್ಟು 2 ಹಾಕಲಿ? ಒಂದೂ ಬೇಡ, ಒಂದು, ಎರಡು: ಮೂರು ಆಯ್ಕೆ. 3 ಹಾಕಲಾ? ಬೇಡ, ಬೇಕು: ಎರಡು ಆಯ್ಕೆ. 3 × 2 = 6. ಅವು 1, 2, 3, 4, 6, 12. ‘ಬೇಡ’ ಅನ್ನುವುದೂ ಒಂದು ಆಯ್ಕೆ, ಅದನ್ನು ಮರೆತರೆ ಲೆಕ್ಕ ಕೆಡುತ್ತದೆ. ಅದಕ್ಕೇ ಪ್ರತಿ ಘಾತಕ್ಕೂ ಒಂದು ಸೇರಿಸಿ ಗುಣಿಸುವುದು.

ನಮ್ಮ ಸಂಖ್ಯೆಗೆ ಬನ್ನಿ. ಘಾತಗಳು 5, 3, 1, 1, 1, 1, 1. ಒಂದೊಂದು ಸೇರಿಸಿ ಗುಣಿಸಿ:

6 × 4 × 2 × 2 × 2 × 2 × 2 = 768

ಏಳುನೂರ ಅರವತ್ತೆಂಟು ಭಾಜಕಗಳು! ಇದು ಎಷ್ಟು ಜಾಸ್ತಿ ಅಂತ ಗೊತ್ತಾಗಬೇಕಾದರೆ ಒಂದು ಹೋಲಿಕೆ ಬೇಕು. 1ರಿಂದ ಈ ಸಂಖ್ಯೆಯವರೆಗಿನ ಎಲ್ಲ ಸಂಖ್ಯೆಗಳ ಭಾಜಕಗಳನ್ನು ಎಣಿಸಿ ಸರಾಸರಿ ತೆಗೆದರೆ 18ರ ಆಸುಪಾಸು ಬರುತ್ತದೆ. ಇದರದ್ದು 768.

1ರಿಂದ 18ರವರೆಗೆ ಯಾವುದರಿಂದ ಬೇಕಾದರೂ ಭಾಗಿಸಿ, ಶೇಷ ಉಳಿಯುವುದಿಲ್ಲ. 19 ಹೋಗುವುದಿಲ್ಲ. ಮತ್ತೆ 20, 21, 22 ಹೋಗುತ್ತವೆ. 36ರವರೆಗೆ ನೋಡಿದರೆ ಹೋಗದೇ ಉಳಿಯುವುದು ಐದೇ: 19, 23, 25, 29, 31. ಇದರಲ್ಲಿ 25 ಮಾತ್ರ ಅವಿಭಾಜ್ಯವಲ್ಲ. ಅದು ಯಾಕೆ ಹೋಗುವುದಿಲ್ಲ? ಚೌಕ ನೋಡಿ. 5 ಒಂದೇ ಇದೆ. 25ಕ್ಕೆ ಎರಡು ಬೇಕು.

ಹಂತ 4: ಇದನ್ನು ಸೋಲಿಸಲು ಪ್ರಯತ್ನಿಸಿ

ನನ್ನ ಪ್ರಕಾರ ಪೂರ್ತಿ ಲೆಕ್ಕದಲ್ಲಿ ಅತಿ ಮಜಾ ಇರುವುದು ಇಲ್ಲೇ. ಇದಕ್ಕಿಂತ ಚಿಕ್ಕದಾಗಿಯೂ ಇರಬೇಕು, 768 ಅಥವಾ ಅದಕ್ಕಿಂತ ಜಾಸ್ತಿ ಭಾಜಕಗಳೂ ಇರಬೇಕು. ಅಂಥ ಸಂಖ್ಯೆ ಸಿಗುತ್ತದಾ ನೋಡೋಣ.

17 ದುಬಾರಿ ಅನ್ನಿಸುತ್ತದೆ. ಅದನ್ನು ತೆಗೆದು ಆ ಜಾಗದಲ್ಲಿ 16 ಹಾಕೋಣ, ಅಂದರೆ ಇನ್ನೂ ನಾಲ್ಕು 2. ಸಂಖ್ಯೆ ಸ್ವಲ್ಪ ಚಿಕ್ಕದಾಯಿತು. ಘಾತಗಳು 9, 3, 1, 1, 1, 1. ಭಾಜಕಗಳು 10 × 4 × 16 = 640. ಸೋತಿತು.

17ರ ಬದಲು 15 ಹಾಕೋಣ, ಒಂದು 3 ಮತ್ತು ಒಂದು 5. ಘಾತಗಳು 5, 4, 2, 1, 1, 1. ಲೆಕ್ಕ 6 × 5 × 3 × 8 = 720. ಹತ್ತಿರ ಬಂತು, ಗೆಲ್ಲಲಿಲ್ಲ.

ಒಂದು 3 ತೆಗೆದು 2 ಹಾಕಿದರೆ? 7 × 3 × 32 = 672. ಇಲ್ಲ.

ಒಂದು 2, ಒಂದು 3 ಎರಡನ್ನೂ ತೆಗೆದು, ಅಂದರೆ 6 ತೆಗೆದು, 5 ಹಾಕಿದರೆ? ಸಂಖ್ಯೆ 6,12,61,200 ಆಗುತ್ತದೆ. ಭಾಜಕಗಳು 5 × 3 × 3 × 16 = 720. ಮತ್ತೆ 720ಕ್ಕೇ ನಿಂತಿತು.

ಹೀಗೆ ನೀವೂ ನಾಲ್ಕೈದು ಸಲ ಅದಲುಬದಲು ಮಾಡಿ ನೋಡಿ. ಗೆಲ್ಲಲಾಗುವುದಿಲ್ಲ, ಆದರೆ ಯಾಕೆ ಆಗುವುದಿಲ್ಲ ಅನ್ನುವುದು ಕೈಗೆ ಹತ್ತುತ್ತದೆ. ಚಿಕ್ಕ ಅವಿಭಾಜ್ಯಗಳನ್ನು ಜಾಸ್ತಿ ಸಲ ಹಾಕಿದರೆ ಸಂಖ್ಯೆ ಬೇಗ ಬೆಳೆಯುವುದಿಲ್ಲ, ನಿಜ. ಆದರೆ ಐದನೇ 2 ಬಂದಾಗ ಭಾಜಕಗಳು 5ರಿಂದ 6 ಪಾಲಿಗೆ ಏರುತ್ತವೆ ಅಷ್ಟೇ. ಹೊಸ ಅವಿಭಾಜ್ಯ ಬಂದರೆ ಒಟ್ಟಿಗೇ ಎರಡು ಪಟ್ಟು. ಈ ಎರಡರ ನಡುವೆ ತೂಗಿ ನೋಡಿ ನಿಂತಿರುವ ಸಂಖ್ಯೆ ನಮ್ಮದು.

ತನಗಿಂತ ಚಿಕ್ಕದಾದ ಎಲ್ಲ ಸಂಖ್ಯೆಗಳಿಗಿಂತ ಹೆಚ್ಚು ಭಾಜಕಗಳಿರುವ ಇಂಥ ಸಂಖ್ಯೆಗೆ ‘ಹೈಲಿ ಕಾಂಪೋಸಿಟ್’ ಅಂತ ಹೆಸರಿಟ್ಟವರು ಶ್ರೀನಿವಾಸ ರಾಮಾನುಜನ್. ಅತಿ ಸಂಯುಕ್ತ ಸಂಖ್ಯೆ ಅನ್ನಬಹುದು. 1915ರಲ್ಲಿ ಲಂಡನ್ ಮ್ಯಾಥಮೆಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಅವರ ಉದ್ದನೆಯ ಲೇಖನ ಬಂತು. ಇಂಥ ಸಂಖ್ಯೆಯಲ್ಲಿ ಅವಿಭಾಜ್ಯಗಳು ನಡುವೆ ಯಾವುದನ್ನೂ ಬಿಡದೆ ಸಾಲಾಗಿ ಬರಬೇಕು, ಘಾತಗಳು ಎಡದಿಂದ ಬಲಕ್ಕೆ ಏರಬಾರದು, ಕೊನೆಯ ಘಾತ 1 ಇರಬೇಕು ಅಂತ ಅವರು ತೋರಿಸಿದರು. ಕೊನೆಯ ನಿಯಮಕ್ಕೆ ಹೊರತಾಗಿ ನಿಲ್ಲುವುದು 4 ಮತ್ತು 36, ಎರಡೇ. ನಮ್ಮ ಚೌಕದ ಸಾಲು ಮೂರೂ ನಿಯಮಗಳಿಗೆ ಸರಿಯಾಗಿ ಕೂರುತ್ತದೆ. ಈ ಕೆಲಸಕ್ಕೇ 1916ರಲ್ಲಿ ಕೇಂಬ್ರಿಜ್ ಅವರಿಗೆ ಪದವಿ ಕೊಟ್ಟಿತು.

ಲೇಖನದಲ್ಲಿ ಅವರು 102 ಸಂಖ್ಯೆಗಳ ಪಟ್ಟಿ ಕೊಟ್ಟಿದ್ದರು, ಎಲ್ಲ ಕೈಲೆಕ್ಕ. ಆ ಉದ್ದದಲ್ಲಿ ತಪ್ಪಿಹೋದದ್ದು ಒಂದೇ ಒಂದು: 2,93,31,86,25,600. ಒಡೆದರೆ 2⁶ × 3⁴ × 5² × 7² × 11 × 13 × 17 × 19. ಇದರ ಭಾಜಕಗಳನ್ನು ಈಗ ನೀವೇ ಎಣಿಸಬಲ್ಲಿರಿ: 7 × 5 × 3 × 3 × 16 = 5040. ಈ 5040 ಕೂಡ ಸಾಮಾನ್ಯದ ಸಂಖ್ಯೆಯಲ್ಲ. ಅದೂ ಅತಿ ಸಂಯುಕ್ತ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸಿನ ಪ್ಲೇಟೋ ಒಂದು ಆದರ್ಶ ನಗರದಲ್ಲಿ 5040 ಕುಟುಂಬಗಳಿರಲಿ ಅಂದಿದ್ದು ಅದನ್ನು ಎಷ್ಟೋ ರೀತಿ ಸಮನಾಗಿ ಹಂಚಬಹುದು ಅನ್ನುವ ಕಾರಣಕ್ಕೆ.

ಹಂತ 5: ಭಾಜಕಗಳನ್ನು ಕೂಡಿ

768 ಸಂಖ್ಯೆಗಳನ್ನು ಕೂಡುವುದೂ ಸುಲಭ. ಪ್ರತಿ ಅವಿಭಾಜ್ಯಕ್ಕೂ ಒಂದು ಆವರಣ ಬರೆಯಿರಿ. ಅದರಲ್ಲಿ 1ರಿಂದ ಅದರ ಪೂರ್ತಿ ಘಾತದವರೆಗೆ ಕೂಡಿ. 2ಕ್ಕೆ 1 + 2 + 4 + 8 + 16 + 32 = 63. 3ಕ್ಕೆ 1 + 3 + 9 + 27 = 40. ಉಳಿದವಕ್ಕೆ 6, 8, 12, 14, 18. ಎಲ್ಲವನ್ನೂ ಗುಣಿಸಿ:

63 × 40 × 6 × 8 × 12 × 14 × 18 = 36,57,83,040

ಗುಣಿಸುವಾಗ ನಾಲ್ಕನೆಯದರ ಹತ್ತಿರ ಒಂದು ನಿಮಿಷ ನಿಲ್ಲಿ. 63 × 40 × 6 × 8 = 1,20,960. ಇದು 2⁵ × 3³ × 5 × 7 ಅನ್ನುವ ಭಾಗದ ಭಾಜಕಗಳ ಮೊತ್ತ. ಆ ಭಾಗ ಎಷ್ಟು? 30,240. ಭಾಗಿಸಿ ನೋಡಿ: ಸರಿಯಾಗಿ 4 ಪಟ್ಟು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಇದು ಬಹಳ ಅಪರೂಪ. ಭಾಜಕಗಳ ಮೊತ್ತ ತನ್ನ 2 ಪಟ್ಟು ಬಂದರೆ ಅದು ಪರಿಪೂರ್ಣ ಸಂಖ್ಯೆ. 6, 28 ಅಂಥವು. ನಿಖರವಾಗಿ 4 ಪಟ್ಟು ಬರುವ ಸಂಖ್ಯೆಗಳಲ್ಲಿ ಅತಿ ಚಿಕ್ಕದು 30,240. ಅದನ್ನು 1638ರ ಹೊತ್ತಿಗೆ ಕಂಡುಹಿಡಿದವರು ಫ್ರಾನ್ಸಿನ ಡೆಕಾರ್ಟ್. ಅವರ ಆ ಸಂಖ್ಯೆ ನಮ್ಮದರೊಳಗೆ ಇಡಿಯಾಗಿ ಕೂತಿದೆ: 7,35,13,440 = 30,240 × 2431.

ಹಾಗಾದರೆ ನಮ್ಮ ಸಂಖ್ಯೆಗೆ ಎಷ್ಟು ಪಟ್ಟು? 11, 13, 17 ಸೇರಿದಾಗ ಆ 4 ಇನ್ನಷ್ಟು ಏರಿ ಸುಮಾರು 4.976ಕ್ಕೆ ನಿಲ್ಲುತ್ತದೆ. ಐದು ಮುಟ್ಟಲು ಕೂದಲೆಳೆಯಷ್ಟು ಬಾಕಿ.

ಹಂತ 6: ವರ್ಗಮೂಲದ ಹತ್ತಿರ ಹೋಗಿ

ಇದು ಪೂರ್ಣ ವರ್ಗವಾ? ಅಲ್ಲ. ಪೂರ್ಣ ವರ್ಗದಲ್ಲಿ ಎಲ್ಲ ಘಾತಗಳೂ ಸಮ ಇರಬೇಕು. ಇಲ್ಲಿ ಎಲ್ಲವೂ ಬೆಸ. ಎರಡು ಪೂರ್ಣ ವರ್ಗಗಳ ಮೊತ್ತವಾಗಿ ಬರೆಯಲಿಕ್ಕೂ ಆಗುವುದಿಲ್ಲ. 4ರಿಂದ ಭಾಗಿಸಿದಾಗ 3 ಉಳಿಯುವ ಅವಿಭಾಜ್ಯಗಳ ಘಾತ ಸಮ ಇದ್ದರೆ ಮಾತ್ರ ಅದು ಸಾಧ್ಯ. ಇಲ್ಲಿ 3, 7, 11 ಅಡ್ಡ ಬರುತ್ತವೆ.

ಆದರೆ ಎರಡು ವರ್ಗಗಳ ವ್ಯತ್ಯಾಸ? ವರ್ಗಮೂಲಕ್ಕೆ ಸ್ವಲ್ಪ ಮೇಲಿನ ಪೂರ್ಣ ಸಂಖ್ಯೆ 8574. ಅದರ ವರ್ಗ ಮಾಡಿ: 7,35,13,476. ನಮ್ಮ ಸಂಖ್ಯೆ ಕಳೆಯಿರಿ. ಉಳಿಯುವುದು 36. ಅದೂ ಒಂದು ವರ್ಗ! ಅಂದರೆ

7,35,13,440 = 8574² − 6² = (8574 − 6) × (8574 + 6) = 8568 × 8580

ಸಂಖ್ಯೆಯನ್ನು ಹೀಗೆ ಒಡೆಯುವ ವಿಧಾನ ಹದಿನೇಳನೇ ಶತಮಾನದ ಫರ್ಮಾ ಅವರದು. ಸಾಮಾನ್ಯವಾಗಿ ಒಂದೊಂದೇ ಮೇಲೆ ಹತ್ತುತ್ತಾ ತುಂಬಾ ಸಲ ಪ್ರಯತ್ನಿಸಬೇಕಾಗುತ್ತದೆ. ಇಲ್ಲಿ ಮೊದಲ ಮೆಟ್ಟಿಲಲ್ಲೇ ಸಿಕ್ಕಿತು. 768 ಭಾಜಕಗಳನ್ನು 384 ಜೋಡಿ ಮಾಡಬಹುದು. ಅವುಗಳಲ್ಲಿ ಒಂದಕ್ಕೊಂದು ಅತಿ ಹತ್ತಿರ ಇರುವ ಜೋಡಿ ಇದೇ. 8568ರಲ್ಲಿ 7 ಮತ್ತು 17 ಇವೆ, 8580ರಲ್ಲಿ 5, 11, 13. ಎರಡರ ನಡುವಿನ ಅಂತರ ಬರೀ 12.

ಹಂತ 7: ಸೇರದವರನ್ನು ಹುಡುಕಿ

ಕೊನೆಯ ಪ್ರಶ್ನೆ ಉಲ್ಟಾ. 1ರಿಂದ 7,35,13,440ರವರೆಗೆ ಎಷ್ಟು ಸಂಖ್ಯೆಗಳಿಗೆ ಇದರ ಜೊತೆ 1 ಬಿಟ್ಟು ಬೇರೆ ಸಾಮಾನ್ಯ ಭಾಜಕ ಇಲ್ಲ? ಹದಿನೆಂಟನೇ ಶತಮಾನದಲ್ಲಿ ಆಯ್ಲರ್ ತೋರಿಸಿದ ದಾರಿ ಜರಡಿ ಹಿಡಿದ ಹಾಗೆ. ಸಮ ಸಂಖ್ಯೆಗಳನ್ನು ತೆಗೆದರೆ ಅರ್ಧ ಉಳಿಯಿತು. ಅದರಲ್ಲಿ 3ರ ಮಗ್ಗಿಯವನ್ನು ತೆಗೆದರೆ ಮೂರರಲ್ಲಿ ಎರಡು ಪಾಲು. 5ರದ್ದು ತೆಗೆದರೆ ಐದರಲ್ಲಿ ನಾಲ್ಕು. ಹೀಗೇ 17ರವರೆಗೆ. ಕೊನೆಗೆ ಉಳಿಯುವುದು 1,32,71,040. ನೂರಕ್ಕೆ ಸುಮಾರು 18. ಸುಮ್ನೆ ಕಣ್ಣು ಮುಚ್ಚಿ ಒಂದು ಸಂಖ್ಯೆ ಆರಿಸಿದರೂ ಇದರ ಜೊತೆ ಏನಾದರೊಂದು ನಂಟು ಇರುವ ಸಾಧ್ಯತೆಯೇ ಜಾಸ್ತಿ.

ಜರಡಿಯಲ್ಲಿ 1 ಆದ ಮೇಲೆ ಮೊದಲು ಉಳಿಯುವುದು 19. ಆಮೇಲೆ 23, 29, 31. ಎಲ್ಲ ಅವಿಭಾಜ್ಯಗಳೇ. ಅವಿಭಾಜ್ಯವಲ್ಲದ ಮೊದಲನೆಯದು ಯಾವಾಗ ಬರುತ್ತದೆ? 19 × 19, ಅಂದರೆ 361 ಬಂದಾಗ. ಅಲ್ಲಿಯವರೆಗೆ ಈ ಒಂದು ಸಂಖ್ಯೆ ಅವಿಭಾಜ್ಯಗಳನ್ನು ಸೋಸಿ ಕೊಡುವ ಜರಡಿಯಾಗಿಯೇ ಕೆಲಸ ಮಾಡುತ್ತದೆ.

ಈಗ ನೀವೇ ಒಂದು ಮಾಡಿ

ಎರಡನೇ ಹಾಳೆ ತೆಗೆಯಿರಿ. ಅತಿ ಸಂಯುಕ್ತಗಳ ಸಾಲಿನಲ್ಲಿ ನಮ್ಮದರ ಮುಂದಿನದು 11,02,70,160. ಇದಕ್ಕೆ 800 ಭಾಜಕಗಳಿವೆ. ನಮ್ಮ ಸಂಖ್ಯೆಯ ಸರಿಯಾಗಿ ಒಂದೂವರೆ ಪಟ್ಟು. ಅಂದರೆ ಒಂದು 2 ಹೋಗಿ ಒಂದು 3 ಬಂದಿದೆ. ಆದರೆ ಆ ಗುಟ್ಟು ಗೊತ್ತಿಲ್ಲ ಅಂದುಕೊಂಡು ಮೊದಲ ಹಂತದಿಂದ ಶುರು ಮಾಡಿ. ಬಲಗಡೆಯಿಂದ ಮೂರು ಮೂರಾಗಿ ಕತ್ತರಿಸಿ: 110 | 270 | 160. ಮಧ್ಯದ ತುಂಡನ್ನೊಮ್ಮೆ ನೋಡಿ, ಆಮೇಲೆ ಎರಡು ತುದಿಗಳನ್ನು ನೋಡಿ.